ಎಷ್ಟು ಗ್ರಾಂ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ದನದ ಮಾಂಸ ತಿಂದರೆ ಕ್ಯಾನ್ಸರ್ ಗ್ಯಾರಂಟಿ ಎಂಬ ಮೆಸೇಜನ್ನು ನಮ್ಮ ಭಾವ ಮತ್ತೆ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಅದೇ ಭಾನುವಾರ ಅವರ ಮನೆಯಲ್ಲಿ ಮಟನ್ ಸಾರು. ಬೇಡವೆಂದರೂ ಇನ್ನೊಂದು ಸೌಟು ಬಡಿಸಿದ್ದು ಅವರೇ! 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ‘ಬಹುಶಃ ಅಪಾಯ’ ಎಂದ ಕೆಂಪು ಮಾಂಸದಲ್ಲಿ ದನದ ಜೊತೆ ಕುರಿ, ಆಡು, ಹಂದಿ ಎಲ್ಲವೂ ಇವೆ. ಖಚಿತವಾಗಿ ಹೇಳಿದ್ದು ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸದ ಬಗ್ಗೆ. ಅದನ್ನು ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ 18ರಷ್ಟು ಜಾಸ್ತಿ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಅಲ್ವಾ? ನೂರರಲ್ಲಿ 5 ಜನಕ್ಕೆ ಬರುವ ಕಡೆ ಸುಮಾರು 6 ಜನಕ್ಕೆ ಬರುತ್ತದೆ ಎಂದರ್ಥ. ತಿಂಗಳಿಗೊಮ್ಮೆ ತಿನ್ನುವವರನ್ನು ಸುಮ್ನೆ ಯಾಕೆ ಹೆದರಿಸಬೇಕು? ಎಷ್ಟು ಗ್ರಾಂ, ಎಷ್ಟು ದಿನ ಎಂಬುದನ್ನು ನೀವಾದರೂ ತಲೆಬರಹದಲ್ಲೇ ಹಾಕಿ.

– ಓದುಗ, ಹಾಸನ