ಲಾರ್ಕ್ ಕೊಂಬೆಯ ಮೇಲಿನ ಕೋಗಿಲೆಯಲ್ಲ

ಮಾನ್ಯರೇ,

ಹೈಸ್ಕೂಲು ಮಕ್ಕಳ ಕೈಯಲ್ಲಿರುವ ಕೆಲವು ಇಂಗ್ಲಿಷ್ ಗೈಡುಗಳಲ್ಲಿ ‘ಲಾರ್ಕ್’ ಪದಕ್ಕೆ ‘ಹಾಡುವ ಹಕ್ಕಿ’ ಎಂಬ ಒಂದೇ ಅರ್ಥ ಕೊಟ್ಟು, ಕೊಂಬೆಯ ಮೇಲೆ ಕೂತ ಕೋಗಿಲೆಯಂಥದೊಂದು ಚಿತ್ರ ಹಾಕಿರುತ್ತಾರೆ. ಚಿತ್ರ ತಪ್ಪು, ಅರ್ಥ ಅರ್ಧ.

ಲಾರ್ಕ್ ನೆಲದ ಹಕ್ಕಿ. ಗೂಡು ನೆಲದಲ್ಲಿ, ಮೇವೂ ನೆಲದಲ್ಲಿ. ಇಂಗ್ಲೆಂಡಿನ ಸ್ಕೈಲಾರ್ಕ್ ಹುಲ್ಲಿನಿಂದ ನೇರ ಮೇಲೆದ್ದು, ರೆಕ್ಕೆ ಬಡಿಯುತ್ತಲೇ ಹಾಡುತ್ತದೆ. ಮಕ್ಕಳಿಗೆ ಹೇಳಲು ಅಷ್ಟು ದೂರ ಹೋಗಬೇಕಾಗಿಲ್ಲ. ಅದೇ ಕುಟುಂಬದ ನೆಲಗುಬ್ಬಿ ನಮ್ಮ ಬೀಳು ಹೊಲಗಳಲ್ಲೇ ಇದೆ. ಗಂಡಿನ ನೆತ್ತಿ ಬೂದಿ, ಕೆನ್ನೆ ಬಿಳಿ, ಹೊಟ್ಟೆ ಕಪ್ಪು. ಹೆಣ್ಣು ಮಣ್ಣಿನ ಬಣ್ಣ. ಗಂಡು ಮೇಲೇರಿ, ಸಿಳ್ಳೆ ಹಾಕುತ್ತ ಕೆಳಗೆ ಧುಮುಕಿ, ಮತ್ತೆ ಏರುತ್ತದೆ. ಮರಾಠಿಯಲ್ಲಿ ಲಾರ್ಕ್‌ಗೆ ‘ಚಂಡೋಲ್’ ಎನ್ನುತ್ತಾರೆ. ಔರಾದ್, ಭಾಲ್ಕಿ ಕಡೆಯ ತರಗತಿಗಳಲ್ಲಿ ಆ ಹೆಸರೂ ಕೆಲಸಕ್ಕೆ ಬರುತ್ತದೆ.

ಗೈಡುಗಳು ಬಿಟ್ಟ ಇನ್ನರ್ಧ ಹುಡುಗಾಟ. ಈ ಅರ್ಥ 19ನೇ ಶತಮಾನದ ಆರಂಭದಲ್ಲಿ ಬಳಕೆಗೆ ಬಂತು. ಹಡಗಿನ ಹುಡುಗರು ಪಟಸ್ತಂಭದ ಹಗ್ಗ ಹತ್ತಿ ಆಡುವುದಕ್ಕೆ ‘ಸ್ಕೈಲಾರ್ಕಿಂಗ್’ ಎನ್ನುತ್ತಿದ್ದರು, ಅದರಿಂದ ಬಂತು ಎಂಬುದು ಒಂದು ವಾದ. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ‘ಆಡು’ ಎಂಬ ಅರ್ಥದ ‘ಲೇಕ್’ನಿಂದ ಬಂತು ಎಂಬುದು ಇನ್ನೊಂದು. ಎರಡನೆಯದೇ ನಿಜವಾದರೆ ಹಕ್ಕಿಗೂ ಹುಡುಗಾಟಕ್ಕೂ ಮೂಲದಲ್ಲಿ ನಂಟೇ ಇಲ್ಲ.

ಅರ್ಥ ಗುರುತಿಸಲು ಪದದ ಅಕ್ಕಪಕ್ಕ ನೋಡಬೇಕು. ಹಿಂದೆ ‘ಫಾರ್ ಎ’ ಅಥವಾ, ಅಮೆರಿಕನ್ನರ ರೂಢಿಯಂತೆ, ‘ಆನ್ ಎ’ ಇದ್ದರೆ ಹಕ್ಕಿಯ ಮಾತೇ ಅಲ್ಲ. ಮುಂದೆ ‘ಅಬೌಟ್’ ಇದ್ದರೆ ಅದು ಕ್ರಿಯಾಪದ: ಕೆಲಸ ಬಿಟ್ಟು ಚೇಷ್ಟೆ ಮಾಡುವುದು. ಆದರೆ ಎಲ್ಲ ಕಡೆ ‘ತಮಾಷೆ’ ಎಂದು ಹಾಕಿದರೂ ಕೆಡುತ್ತದೆ. ‘ಹಿ ಜಾಯಿನ್ಡ್ ದಿ ಆರ್ಮಿ ಆನ್ ಎ ಲಾರ್ಕ್’ ಎಂಬುದನ್ನು ‘ತಮಾಷೆಗೆ ಸೈನ್ಯ ಸೇರಿದ’ ಎಂದರೆ ಅವನು ಯಾರನ್ನೋ ನಗಿಸಲು ಹೋದಂತಾಯಿತು. ‘ಹಿಂದುಮುಂದು ನೋಡದೆ, ಏನೋ ಹುಮ್ಮಸ್ಸಿಗೆ ಸೇರಿದ’ ಎಂಬುದು ಸರಿ. ಮಜಾಕ್ ಎಂಬ ನಮ್ಮ ಮಾತು ಕೆಲವೆಡೆ ಚೆನ್ನಾಗಿ ಒಪ್ಪುತ್ತದೆ, ಇಲ್ಲಿ ಒಪ್ಪುವುದಿಲ್ಲ. ಇನ್ನು ಲಾರ್ಕ್‌ನಲ್ಲಿ ಕೇಡಿನ ಉದ್ದೇಶ ಇರುವುದಿಲ್ಲ. ‘ಮೋಸ’, ‘ಕಿಡಿಗೇಡಿತನ’ ಎಂದು ಬರೆದರೆ ಅತಿಯಾಯಿತು.

ಮೂರನೆಯದೊಂದು ಬಳಕೆ ಬ್ರಿಟಿಷರದು, ನಿಘಂಟು ನೋಡಿದವರೂ ಎಡವುವಂಥದು. ‘ದಿಸ್ ಜಾಗಿಂಗ್ ಲಾರ್ಕ್’ ಎಂದರೆ ಜಾಗಿಂಗ್ ಮಾಡುವ ಹಕ್ಕಿಯಲ್ಲ, ಮೋಜೂ ಅಲ್ಲ. ‘ಈ ಜಾಗಿಂಗ್ ಉಸಾಬರಿ’ ಎಂಬ ತಾತ್ಸಾರ.

ನುಡಿಗಟ್ಟುಗಳಲ್ಲಿ ಹಕ್ಕಿಯನ್ನು ಉಳಿಸಿಕೊಳ್ಳಲೇಬೇಕೆಂಬ ಹಟವೂ ಬೇಡ. ‘ಅಪ್ ವಿತ್ ದ ಲಾರ್ಕ್’ ಎಂಬುದಕ್ಕೆ ನಮ್ಮಲ್ಲಿ ‘ಕೋಳಿ ಕೂಗೋ ಹೊತ್ತಿಗೆ ಎದ್ದ’ ಇದೆ. ನಿದ್ದೆಯ ಕುರಿತ ಲೇಖನಗಳಲ್ಲಿ ಬೇಗ ಏಳುವವರು ಲಾರ್ಕ್, ತಡರಾತ್ರಿ ಎಚ್ಚರವಿರುವವರು ಔಲ್. ಇದನ್ನು ಪದಕ್ಕೆ ಪದ ಇಳಿಸಿ ಯಾರನ್ನಾದರೂ ‘ಗೂಬೆ’ ಎಂದು ನೋಡಿ, ಜಗಳವೇ ಆದೀತು!

ಲಾರ್ಕ್‌ಸ್ಪರ್ ಎಂಬುದು ಹೂವಿನ ಗಿಡ. ಹೂವಿನ ಹಿಂಬದಿಯ ಮುಳ್ಳಿನಂಥ ಚಾಚು ಲಾರ್ಕ್‌ನ ಹಿಂಬೆರಳ ಉದ್ದ ಉಗುರಿನ ಹಾಗಿರುವುದರಿಂದ ಆ ಹೆಸರು. ಅಮೆರಿಕದ ಮೆಡೋಲಾರ್ಕ್ ಹೆಸರಿಗಷ್ಟೇ ಲಾರ್ಕ್, ಅದರ ಕುಟುಂಬವೇ ಬೇರೆ.

ಗೈಡು ಬರೆಯುವವರು ಕೋಗಿಲೆಯನ್ನು ತೆಗೆದು ನೆಲಗುಬ್ಬಿಯ ಚಿತ್ರ ಹಾಕಲಿ. ಪ್ರಶ್ನೆಪತ್ರಿಕೆ ತಯಾರಿಸುವವರು ಇಂಥ ಪದಗಳನ್ನು ಒಂಟಿಯಾಗಿ ಕೊಟ್ಟು ‘ಅರ್ಥ ಬರೆಯಿರಿ’ ಎನ್ನುವುದನ್ನು ಬಿಟ್ಟು, ವಾಕ್ಯದೊಳಗೇ ಕೇಳಲಿ.

– ಇಂಗ್ಲಿಷ್ ಶಿಕ್ಷಕರು, ಬೀದರ್