ಗೇರುಹಣ್ಣು ಪೇಟೆವರೆಗೆ ಬರುವುದಿಲ್ಲ, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರ.

ಈ ವಾರ ನಮ್ಮ ಗುಡ್ಡೆಗೆ ಬಂದರೆ ನೀವು ದಾರಿ ಕೇಳಬೇಕಾಗಿಲ್ಲ. ವಾಸನೆಯೇ ಕರೆದುಕೊಂಡು ಬರುತ್ತದೆ. ಬೀಜ ತಿರುಪಿ ತೆಗೆದು ಬಿಸಾಡಿದ ಗೇರುಹಣ್ಣು ಮರದ ಬುಡದಲ್ಲಿ ರಾಶಿ ಬಿದ್ದಿದೆ. ಬೆಳಿಗ್ಗೆ ದನ ಬಂದು ತಿನ್ನುತ್ತವೆ. ಮಧ್ಯಾಹ್ನಕ್ಕೆ ನೊಣ, ಇರುವೆ. ಮರುದಿನ ಹುಳಿ ಬಂದು ಕೊಳೆಯುತ್ತದೆ.

ಒಂದು ಕಿಲೋ ಬೀಜ ಹೆಕ್ಕಿದರೆ ಎಂಟು ಹತ್ತು ಕಿಲೋ ಹಣ್ಣು ಉಳಿಯುತ್ತದೆ. ಬೀಜ ಮಾರುತ್ತೇವೆ, ಹಣ್ಣು ಮಣ್ಣಿಗೆ. ಅಜ್ಜನ ಕಾಲದಿಂದಲೂ ಹೀಗೇ. ಮಕ್ಕಳು ಉಪ್ಪು ಖಾರ ಹಾಕಿ ನಾಲ್ಕು ತಿಂದರೆ ಅದೇ ಜಾಸ್ತಿ.

ಈ ಹಣ್ಣಿನಿಂದ ಒಳ್ಳೆಯ ವೈನ್ ಆಗುತ್ತದೆ. ರಸ ಹಿಂಡಿ, ಸಾಬಕ್ಕಿ ಗಂಜಿ ಹಾಕಿದರೆ ಗಂಟಲು ಹಿಡಿಯುವ ಒಗರು ತಳಕ್ಕೆ ಕೂರುತ್ತದೆ. ಆಮೇಲೆ ಸಕ್ಕರೆ, ಯೀಸ್ಟ್, ಕೆಲವು ವಾರಗಳ ತಾಳ್ಮೆ. ಭಟ್ಟಿ ಬೇಡ, ಬೆಂಕಿ ಬೇಡ. (ಮಾಡಿ ನೋಡಿದ್ದೀರಾ ಎಂದು ಮಾತ್ರ ಕೇಳಬೇಡಿ.) ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಈ ಹಣ್ಣಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಹೇಗೆ ಮಾಡುವುದು ಎಂಬುದು ನಮ್ಮ ತಲೆನೋವಲ್ಲ. ಲೈಸೆನ್ಸ್ ತಲೆನೋವು.

ವಿಚಾರಿಸಲು ಒಂದು ಕಚೇರಿಗೆ ಹೋಗಿದ್ದೆ. "ದ್ರಾಕ್ಷಿ ತೋಟ ಎಷ್ಟು ಎಕರೆ?" ಎಂದು ಕೇಳಿದರು. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಸುರಿಯುವ ಊರಲ್ಲಿ ದ್ರಾಕ್ಷಿ! ಅವರನ್ನೂ ಸುಮ್ನೆ ದೂರುವುದಿಲ್ಲ. 2007ರಲ್ಲಿ ನಮ್ಮ ರಾಜ್ಯ ತಂದ ವೈನ್ ನೀತಿಯ ಹೆಸರಲ್ಲೇ ದ್ರಾಕ್ಷಿ ಇದೆ. ನಂದಿ ಬೆಟ್ಟದ ಸುತ್ತ, ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಅದು ಬೇಕಿತ್ತು. ಆದರೆ ದ್ರಾಕ್ಷಿಯನ್ನು ಕ್ರೇಟಿಗೆ ತುಂಬಿ ಲಾರಿಯಲ್ಲಿ ವೈನರಿಗೆ ಕಳಿಸಬಹುದು. ಗೇರುಹಣ್ಣು ಮುಟ್ಟಿದರೆ ಜಜ್ಜಿಹೋಗುತ್ತದೆ, ಒಂದು ದಿನ ಇಟ್ಟರೆ ಕೆಡುತ್ತದೆ.

ಅದಕ್ಕೇ, ಮಂಗಳೂರಿಗೊಂದು ದೊಡ್ಡ ಕಾರ್ಖಾನೆ ತರೋಣ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಅಲ್ಲಿಗೆ ಮುಟ್ಟುವಾಗ ಹಣ್ಣು ಎಲ್ಲಿರುತ್ತದೆ? ಕಾರ್ಖಾನೆಯೇ ಗುಡ್ಡೆಗೆ ಬರಬೇಕು, ಅಂದರೆ ಅದು ಒಂದು ಮನೆಯಷ್ಟು ಸಣ್ಣದಿರಬೇಕು. ಗೋವಾದವರು ಗೇರು ಗುಡ್ಡೆಯ ಪಕ್ಕದಲ್ಲೇ ಫೆನಿ, ಅಂದರೆ ಗೇರುಹಣ್ಣಿನ ಸಾರಾಯಿ, ಕಾಯಿಸುತ್ತಾರೆ. 2009ರಲ್ಲಿ ಅದಕ್ಕೆ, ಇದು ಗೋವಾದ್ದೇ ಎನ್ನುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಕೇರಳ 2022ರಲ್ಲೇ ತನ್ನ ರೈತರ ಹಣ್ಣುಗಳಿಂದ ವೈನ್ ಮಾಡುವ ಸಣ್ಣ ಘಟಕಗಳಿಗೆಂದೇ ನಿಯಮ ಮಾಡಿದೆ. ನಾವು ಇವೆರಡರ ನಡುವೆ ಕೂತು ಹಣ್ಣು ಕೊಳೆಯುವುದನ್ನು ನೋಡುತ್ತಿದ್ದೇವೆ.

ಕುಡಿತದಿಂದ ಹಾಳಾದ ಮನೆ ನನಗೂ ಗೊತ್ತು, ನಮ್ಮ ಕೇರಿಯಲ್ಲೇ ಇದೆ. ಆ ಭಯದಿಂದ ನೀವು ಹಿಂದೇಟು ಹಾಕಿದರೆ ತಪ್ಪೆನ್ನುವುದಿಲ್ಲ. ಹಾಗಾಗಿ ನಾನು ಗುಡ್ಡೆಗೊಂದು ಬಾರ್ ಕೇಳುತ್ತಿಲ್ಲ. ಸ್ವಂತ ತೋಟದ ಹಣ್ಣು, ಮನೆಯವರದ್ದೇ ಕೆಲಸ, ವರ್ಷಕ್ಕೆ ಇಷ್ಟೇ ಲೀಟರ್ ಎಂಬ ಮಿತಿ, ಆ ಲೀಟರಿಗೆ ತಕ್ಕ ಶುಲ್ಕ. ಬೇಕಾದರೆ ತಿಂಗಳಿಗೊಮ್ಮೆ ಬಂದು ಡ್ರಮ್ ಅಳೆಯಲಿ. ಇಂಥ ಒಂದು ಲೈಸೆನ್ಸ್ ಬಗ್ಗೆ ಮುಂದಿನ ಅಧಿವೇಶನದಲ್ಲಿ ಅಬಕಾರಿ ಸಚಿವರನ್ನು ಒಂದು ಪ್ರಶ್ನೆ ಕೇಳಿ.

ಕೇಳುವ ಮೊದಲು ಒಮ್ಮೆ ಬಂದು ನೋಡಿ, ಮಳೆ ಹಿಡಿಯುವುದರೊಳಗೆ. ಬಿಳಿ ಪಂಚೆ ಮಾತ್ರ ಉಡಬೇಡಿ. ಗೇರುಹಣ್ಣಿನ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಗೇರು ಕೃಷಿಕ