ಎಂಟು ದಿನಕ್ಕೆ ಏಳು ಊರು: ಇಟಲಿ ನೋಡುವ ಕ್ರಮ ಇದಲ್ಲ

ಮಾನ್ಯರೆ,

ಇಟಲಿಗೆ ಹೋಗಿ ಬಂದವರ ಅನುಭವ ಬರಹಗಳು ಪತ್ರಿಕೆಗಳ ಪ್ರವಾಸ ಪುಟದಲ್ಲಿ ಬರುತ್ತಿರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಕೇಳುವ ದೂರುಗಳು ಮೂರು: ವೆನಿಸ್ಸಿನಲ್ಲಿ ಬರೀ ನೂಕುನುಗ್ಗಲು, ಊಟ ಹಿಡಿಸಲಿಲ್ಲ, ದಿನವೆಲ್ಲ ಬಸ್ಸಿನಲ್ಲೇ ಹೋಯಿತು. ಇದರಲ್ಲಿ ಆ ದೇಶದ ತಪ್ಪಿಗಿಂತ ಎಂಟು ದಿನಕ್ಕೆ ಏಳು ಊರು ತುರುಕಿದ ವೇಳಾಪಟ್ಟಿಯ ತಪ್ಪೇ ದೊಡ್ಡದು. ಹಂಪಿಯನ್ನು ಅರ್ಧ ದಿನದಲ್ಲಿ ಮುಗಿಸಿ, ಹೊಳೆಯಾಚೆಯ ಆನೆಗೊಂದಿಗೆ ಬಾರದೆ ಹೋಗುವವರನ್ನು ಕಂಡು ನೊಂದುಕೊಳ್ಳುವ ನಮ್ಮ ಭಾಗದವರು ಅಲ್ಲಿ ಹೋಗಿ ಅದನ್ನೇ ಮಾಡಬಾರದು.

ಪ್ಯಾಕೇಜಿನಲ್ಲಿ ‘ವೆನಿಸ್ ಹೋಟೆಲ್’ ಎಂದಿದ್ದರೆ ಮೊದಲು ವಿಳಾಸ ಕೇಳಬೇಕು. ಅದು ವೆನಿಸ್ ದ್ವೀಪದಲ್ಲಿರದೆ ಸೇತುವೆಯ ಈಚೆಗೆ ನೆಲದ ಮೇಲಿನ ಮೆಸ್ತ್ರೆ ಎಂಬ ಊರಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಹತ್ತು ಗಂಟೆಗೆ ದ್ವೀಪಕ್ಕೆ ಹೋಗಿ ಐದಕ್ಕೆ ಮರಳಿದರೆ ಕಾಣುವುದು ಜನಸಂದಣಿಯೇ. ದ್ವೀಪದಲ್ಲೇ ಎರಡು ರಾತ್ರಿ ತಂಗಿ, ಬೆಳಿಗ್ಗೆ ಏಳರೊಳಗೆ ಸಾನ್ ಮಾರ್ಕೊ ಚೌಕಕ್ಕೆ ಹೋದರೆ ಬೇರೆಯೇ ಊರು ಕಾಣುತ್ತದೆ. ಸಾಮಾನು ಮಾತ್ರ ಹಗುರವಾಗಿರಲಿ. ಕಾಲುವೆಯ ಸೇತುವೆಗಳು ಬಹುಪಾಲು ಮೆಟ್ಟಿಲಿನವು, ಸೂಟ್‌ಕೇಸಿನ ಚಕ್ರ ಅಲ್ಲಿ ಉಪಯೋಗಕ್ಕೆ ಬಾರದು. ನೀರಿನ ಬಸ್ಸಾದ ವಪೊರೆತ್ತೊಗೆ 75 ನಿಮಿಷದ ಟಿಕೆಟ್ಟೇ 9.50 ಯೂರೊ. ಹೆಚ್ಚು ಓಡಾಡುವವರಿಗೆ ದಿನದ ಪಾಸೇ ಲಾಭ. 2024ರಿಂದ ಕೆಲವು ನಿಗದಿತ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ ಪ್ರವೇಶ ಶುಲ್ಕವಿದೆ. ಪಾಲಿಕೆ ವ್ಯಾಪ್ತಿಯಲ್ಲಿ ರಾತ್ರಿ ತಂಗುವವರಿಗೆ ಅದಿಲ್ಲ, ಆದರೆ ವಿನಾಯಿತಿ ಪತ್ರವನ್ನು ಆನ್‌ಲೈನಿನಲ್ಲಿ ಮೊದಲೇ ಪಡೆದಿರಬೇಕು. ಸಮಯ ಉಳಿದರೆ ವೆನಿಸ್ ಇರುವ ಅದೇ ಹಿನ್ನೀರಿನ ದಕ್ಷಿಣ ತುದಿಯ ಮೀನುಗಾರರ ಊರು ಕಿಯೊಜ್ಜಾ ನೋಡಿ ಬನ್ನಿ. 15ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ನಿಕೊಲೊ ಕಾಂಟಿಯ ಊರು ಅದು. ತುಂಗಭದ್ರೆಯ ದಡದವರು ಅದನ್ನು ಬಿಟ್ಟು ಬರಬಾರದು.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಶುದ್ಧ ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಪಾರ್ಮೆಸಾನ್ ಚೀಸಿನ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನ್ನೆಟ್ ಹಾಕುತ್ತಾರೆ, ಪೆಕೊರಿನೊ ರೊಮಾನೊಗೆ ಕುರಿಮರಿಯದು. ತರಕಾರಿ ಸೂಪಿಗೂ, ರಿಸೊಟ್ಟೊ ಎಂಬ ಅನ್ನದ ಅಡುಗೆಗೂ ಮಾಂಸದ ಸಾರು ಬಳಸುವುದುಂಟು, ‘ಬ್ರೊದೊ ದಿ ಕಾರ್ನೆ’ ಇದೆಯೇ ಎಂದು ಕೇಳಿ. ಧೈರ್ಯವಾಗಿ ತಿನ್ನಬಹುದಾದದ್ದು ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿಯ ‘ಆಲ್ಯೊ ಒಲ್ಯೊ’ ಪಾಸ್ತಾ. ಚೀಸಿಲ್ಲದ ಮರಿನಾರಾ ಪಿಜ್ಜಾ ಕೂಡ ಸರಿ, ಸಣ್ಣ ಮೀನು ಹಾಕುವುದಿಲ್ಲ ತಾನೇ ಎಂದು ಒಂದು ಮಾತು ಕೇಳಿಕೊಳ್ಳಿ. ಲಿಗುರಿಯಾ ಕರಾವಳಿಯ ಫರಿನಾತಾ ಎಂದರೆ ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ಅಗಲ ತಟ್ಟೆಯಲ್ಲಿ ಒಲೆಗಿಟ್ಟು ಬೇಯಿಸಿದ್ದು. ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ.

ಆ ಕರಾವಳಿಯ ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೆ ಬಸ್ಸು, ಕಾರು ನೆಚ್ಚಬೇಡಿ. ಲಾ ಸ್ಪೆಝಿಯಾದಲ್ಲಿ ತಂಗಿದರೆ ರೈಲಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಕೆಲವೇ ನಿಮಿಷ. ಕೊರ್ನೀಲ್ಯಾ ಮಾತ್ರ ಗುಡ್ಡದ ಮೇಲಿದೆ, ನಿಲ್ದಾಣದಿಂದ 380ರಷ್ಟು ಮೆಟ್ಟಿಲು. ಹವಾಯಿ ಚಪ್ಪಲಿಯಲ್ಲಿ ಕಾಲುದಾರಿಗೆ ಇಳಿದರೆ ದಂಡ ಬೀಳುತ್ತದೆ. ದಕ್ಷಿಣದ ಅಮಾಲ್ಫಿ ಕರಾವಳಿಗೆ ಹೋಗುವವರು ರೋಮಿನಿಂದ ವೇಗದ ರೈಲಿನಲ್ಲಿ ಎರಡು ಗಂಟೆಗೆ ಸಾಲೆರ್ನೊ ತಲುಪಿ, ಅಲ್ಲಿಂದ ದೋಣಿ ಹಿಡಿಯುವುದು ಒಳ್ಳೆಯದು. ಬಂಡೆ ಕೊರೆದ ಇಕ್ಕಟ್ಟಿನ ರಸ್ತೆಯ ತಿರುವುಗಳಲ್ಲಿ ವಾಂತಿ ಖಚಿತ, ಬೇಸಿಗೆಯಲ್ಲಿ ವಾಹನಗಳ ಸಾಲೂ ಕರಗದು. ದೋಣಿಗಳು ಇರುವುದು ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಅಲೆ ಎದ್ದ ದಿನ ಅವೂ ನಿಲ್ಲುತ್ತವೆ.

ಉತ್ತರದ ಕೊಮೊ ಸರೋವರಕ್ಕೆ ಹೋಗಲು ಮಿಲಾನಿನಿಂದ ಅದರ ದಡದ ವರೆನ್ನಾಗೆ ಒಂದು ಗಂಟೆಯ ರೈಲು. ಎಡಗಡೆ ಕೂತರೆ ನೀರು ಕಾಣುತ್ತದೆ. ಅಲ್ಲಿಂದ ಬೆಲ್ಲಾಜಿಯೊಗೆ ದೋಣಿಯಲ್ಲಿ ಕಾಲು ಗಂಟೆ.

ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲೇ ಪ್ಲಾಟ್‌ಫಾರಂ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಮರೆತರೆ ಟಿಕೆಟ್ ಇದ್ದೂ ದಂಡ ತಪ್ಪದು. ಕೊಲೊಸಿಯಂ ಟಿಕೆಟ್ಟಿನಲ್ಲಿ ಹೆಸರಿರುತ್ತದೆ, ಪಾಸ್‌ಪೋರ್ಟಿನಂತೆಯೇ ಅಕ್ಷರ ತುಂಬಿ.

ಹತ್ತು ರಾತ್ರಿ ಇದ್ದರೆ ರೋಮ್‌ಗೆ ನಾಲ್ಕು, ವೆನಿಸ್ಸಿಗೆ ಮೂರು, ಕೊಮೊಗೆ ಮೂರು ಸಾಕು. ಕರಾವಳಿಯೇ ಬೇಕೆಂದರೆ ಸರೋವರ ಬಿಡಿ. ಸರೋವರದ ದಾರಿ ಹಿಡಿದವರು ರೋಮಿನಲ್ಲಿ ಇಳಿದು ಮಿಲಾನಿನಿಂದ ಹೊರಟರೆ ಹಿಂದೆ ಬರುವ ಒಂದು ದಿನ ಉಳಿಯುತ್ತದೆ. ಮಕ್ಕಳ ಬೇಸಿಗೆ ರಜೆಯ ಮೇ ತಿಂಗಳು ಅಲ್ಲಿ ಹಿತವಾದ ಕಾಲ. ಆಗಸ್ಟ್ ಬೇಡ, ಬಿಸಿಲೂ ಜೋರು, 15ರ ಹಬ್ಬದ ಆಸುಪಾಸಿನಲ್ಲಿ ಸಣ್ಣ ಅಂಗಡಿಗಳೂ ಮುಚ್ಚಿರುತ್ತವೆ. ವೀಸಾ ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು.

ಪ್ರವಾಸ ಬರಹ ಪ್ರಕಟಿಸುವಾಗ ಯಾವ ತಿಂಗಳು ಹೋದದ್ದು, ಯಾವ ಊರಲ್ಲಿ ಎಷ್ಟು ರಾತ್ರಿ ತಂಗಿದ್ದು ಎಂಬ ಎರಡು ಸಾಲನ್ನು ಬರಹದ ಕೊನೆಯಲ್ಲಿ ತಪ್ಪದೆ ಸೇರಿಸಬೇಕೆಂದು ಕೋರಿಕೆ.

– ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ